ಕೊಟ್ಟದ್ದೋ, ಕಳಚಿಕೊಂಡದ್ದೋ?



ಯೌವನಸ್ಥರೇ, ಇವತ್ತು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಮಾತಾಡೋಣ. ನಮಗೆ ಬೇಡವಾದ ವಸ್ತುವನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ದಾನವಾ? ಅಥವಾ ನಮ್ಮ ಮನೆ ಖಾಲಿ ಮಾಡಿಕೊಂಡ ಹಾಗಾ? ಕೇಳೋಕೆ ಸಣ್ಣ ಪ್ರಶ್ನೆ. ಉತ್ತರ ಹೇಳೋಕೆ ಹೋದರೆ ನಾವೆಲ್ಲರೂ ಸ್ವಲ್ಪ ತಡವರಿಸುತ್ತೀವಿ.

ಇಲ್ಲಿ ಕೂತಿರೋ ತುಂಬ ಜನರ ಮನೆಯಲ್ಲಿ ಒಂದು ಗಿಟಾರ್ ಇದೆ. ಕೆಲವರ ಮನೆಯಲ್ಲಿ ಎರಡು ಇದೆ. ಮೊದಲ ಸಂಬಳದಲ್ಲಿ ತಗೊಂಡದ್ದು ಒಂದು, ಆಮೇಲೆ ಇಎಂಐನಲ್ಲಿ ಅಪ್‌ಗ್ರೇಡ್ ಮಾಡಿಕೊಂಡದ್ದು ಇನ್ನೊಂದು. ಹಳೇದು ಎಲ್ಲಿದೆ? ಕಪಾಟಿನ ಮೇಲೆ, ಧೂಳಿನ ಕವರ್ ಒಳಗೆ. ಯಾರಾದರೂ ಬಂದು ‘ಬ್ರದರ್, ಒಂದು ಶಾಲೆಯ ಮಕ್ಕಳಿಗೆ ವಾದ್ಯಗಳು ಬೇಕಂತೆ’ ಅಂದರೆ ನಮ್ಮ ಕಣ್ಣು ತಾನಾಗಿ ಆ ಕಪಾಟಿನ ಮೇಲೆ ಹೋಗುತ್ತೆ. ತಪ್ಪೇನಿಲ್ಲ. ಆದರೆ ಆ ಕ್ಷಣದಲ್ಲಿ ನಮ್ಮ ಮನಸ್ಸು ಯಾರ ಬಗ್ಗೆ ಯೋಚನೆ ಮಾಡ್ತಿದೆ? ಆ ಮಗುವಿನ ಬಗ್ಗೆಯಾ, ನಮ್ಮ ಕಪಾಟಿನ ಬಗ್ಗೆಯಾ?

ದೇವರ ವಾಕ್ಯದಲ್ಲಿ ಇದಕ್ಕೆ ಹತ್ತಿರದ ಒಂದು ಘಟನೆ ಇದೆ. ಎರಡನೆಯ ಸಮುವೇಲ 24ನೆಯ ಅಧ್ಯಾಯ. ದಾವೀದನು ಯಜ್ಞವೇದಿ ಕಟ್ಟಬೇಕು. ಅದಕ್ಕೆ ಅರೌನನ ಕಣಕ್ಕೆ ಬರ್ತಾನೆ. ಅರೌನ ಒಳ್ಳೆ ಮನುಷ್ಯ. ಕಣ ತಗೋ, ಎತ್ತುಗಳನ್ನು ತಗೋ, ಸೌದೆಗೆ ನೊಗ ತಗೋ, ಎಲ್ಲಾ ಹಾಗೇ ತಗೋ ಅಂತಾನೆ. ಬೇರೆ ಯಾರಾದರೂ ಆಗಿದ್ದರೆ ‘ದೇವರು ಒದಗಿಸಿದ’ ಅಂತ ಹೇಳಿ ತಗೊಂಡುಬಿಡ್ತಿದ್ದರು. ದಾವೀದ ಒಪ್ಪಲ್ಲ. ತನಗೆ ಏನೂ ಖರ್ಚಾಗದೆ ಸಿಕ್ಕಿದ್ದನ್ನು ಕರ್ತನಿಗೆ ಅರ್ಪಿಸೋದಿಲ್ಲ ಅಂತ ಬೆಲೆ ಕೊಟ್ಟೇ ಕೊಂಡುಕೊಳ್ತಾನೆ.

ಈ ವಾಕ್ಯ ಓದಿದ ಕೂಡಲೇ ನಾವು ಒಂದು ತೀರ್ಮಾನಕ್ಕೆ ಬರಬಹುದು. ಉಪಯೋಗಿಸದ ವಸ್ತು ಕೊಟ್ಟರೆ ಅದು ಕಾಣಿಕೆಯೇ ಅಲ್ಲ, ಹೊಸದನ್ನೇ ಕೊಂಡು ಕೊಡಬೇಕು ಅಂತ. ಅಷ್ಟು ಬೇಗ ಬೇಡ. ಒಂದು ನಿಜವಾದ ಸಂಗತಿ ಹೇಳ್ತೀನಿ, ಆಮೇಲೆ ನೀವೇ ತೂಕ ಮಾಡಿ.

2014ರಲ್ಲಿ ಅಮೆರಿಕದ ನ್ಯೂಯಾರ್ಕ್‌ನಲ್ಲಿ ಡಬ್ಲ್ಯೂಕ್ಯೂಎಕ್ಸ್‌ಆರ್ ಅನ್ನೋ ಶಾಸ್ತ್ರೀಯ ಸಂಗೀತದ ರೇಡಿಯೋ ಸ್ಟೇಷನ್ ಒಂದು ಪ್ರಕಟಣೆ ಮಾಡಿತು. ಮನೆಯಲ್ಲಿ ಸುಮ್ಮನೆ ಬಿದ್ದಿರೋ ವಾದ್ಯಗಳಿದ್ದರೆ ಕೊಡಿ, ರಿಪೇರಿ ಮಾಡಿಸಿ ಸರ್ಕಾರಿ ಶಾಲೆಗಳ ಮಕ್ಕಳಿಗೆ ತಲುಪಿಸ್ತೀವಿ ಅಂತ. ಅದನ್ನು ಕೇಳಿದವರಲ್ಲಿ ಜೋಸೆಫ್ ಫೈನ್‌ಗೋಲ್ಡ್ ಅನ್ನೋ ವೃದ್ಧರು ಒಬ್ಬರು. ವಯಸ್ಸು 91. ಅವರು ತಮ್ಮ ವಯಲಿನ್ ತಗೊಂಡು ಹೋಗಿ ಕೊಟ್ಟರು.

ಆ ವಯಲಿನ್ ಎಲ್ಲಿಂದ ಬಂತು ಗೊತ್ತಾ? ಫೈನ್‌ಗೋಲ್ಡ್ ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದ ಯೆಹೂದ್ಯರು. ಹುಡುಗನಾಗಿದ್ದಾಗಲೇ ವಯಲಿನ್ ಕಲಿತಿದ್ದರು. ಎರಡನೆಯ ಮಹಾಯುದ್ಧ ಬಂತು. ಅವರನ್ನು ಸೈಬೀರಿಯಾದ ದುಡಿಮೆಯ ಶಿಬಿರಕ್ಕೆ ಕಳಿಸಿದರು. ಅವರ ತಾಯಿಯನ್ನು ನಾಜಿಗಳು ಕೊಂದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಜರ್ಮನಿಯ ಒಂದು ಹಳೇ ಸಾಮಾನಿನ ಸಂತೆಯಲ್ಲಿ ಒಂದು ವಯಲಿನ್ ಕಣ್ಣಿಗೆ ಬಿತ್ತು. ಕೈಯಲ್ಲಿದ್ದ ಸಿಗರೇಟಿನ ಪೊಟ್ಟಣಗಳ ಒಂದು ಕಾರ್ಟನ್ ಕೊಟ್ಟು ಅದನ್ನು ತಗೊಂಡರು. ಆ ದಿನಗಳಲ್ಲಿ ಅಲ್ಲಿ ಸಿಗರೇಟೇ ದುಡ್ಡು. ಅದನ್ನು ಕೊಟ್ಟರೆ ಬ್ರೆಡ್ ಸಿಗ್ತಿತ್ತು, ಬೆಚ್ಚಗಿನ ಬಟ್ಟೆ ಸಿಗ್ತಿತ್ತು. ಅವರು ವಯಲಿನ್ ತಗೊಂಡರು. ಅದನ್ನು ಹಿಡಿದುಕೊಂಡೇ ಅಮೆರಿಕಕ್ಕೆ ಬಂದರು, ಅಲ್ಲಿ ಆರ್ಕಿಟೆಕ್ಟ್ ಆದರು, ದಶಕಗಳ ಕಾಲ ಅದನ್ನು ಇಟ್ಟುಕೊಂಡರು. ವಯಸ್ಸಾಯಿತು, ಬೆರಳುಗಳು ಮಾತು ಕೇಳದ ಹಾಗಾಯಿತು, ನುಡಿಸೋದು ನಿಂತಿತು.

ಈ ವಯಲಿನ್ ಬ್ರಾಂಕ್ಸ್‌ನ ಒಂದು ಹೆಣ್ಣುಮಕ್ಕಳ ಶಾಲೆಗೆ ಹೋಯಿತು. ನ್ಯೂಯಾರ್ಕ್‌ನ ತುಂಬ ಬಡ ಭಾಗ ಅದು. ಆ ಶಾಲೆಯಲ್ಲಿ ವಯಲಿನ್ ಕಲಿಕೆ ದಿನನಿತ್ಯದ ಪಾಠದ ಒಂದು ಭಾಗ. 12 ವರ್ಷದ ಒಬ್ಬ ಹುಡುಗಿಯ ಕೈಗೆ ಆ ವಾದ್ಯ ಬಂತು. ಆಮೇಲೆ ಆ ಹುಡುಗಿ ಫೈನ್‌ಗೋಲ್ಡ್ ಅವರ ಎದುರಿಗೇ ನಿಂತು ಗ್ರೀಗ್ ಅನ್ನೋ ಸಂಗೀತಗಾರರ ಒಂದು ರಾಗವನ್ನು ಅದೇ ವಯಲಿನ್‌ನಲ್ಲಿ ನುಡಿಸಿದಳು. ಅದು ಅವರ ತಾಯಿಯ ನೆನಪಿಗೆ ಅಂಟಿಕೊಂಡಿದ್ದ ರಾಗ. ಇದೆಲ್ಲಾ ‘ಜೋಸ್ ವಯಲಿನ್’ ಅನ್ನೋ ಕಿರು ಸಾಕ್ಷ್ಯಚಿತ್ರವಾಗಿ ಬಂತು, 2017ರ ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು.

ಈಗ ಹೇಳಿ. ಫೈನ್‌ಗೋಲ್ಡ್ ಕೊಟ್ಟದ್ದು ತಾವು ಉಪಯೋಗಿಸದ ವಸ್ತು. ಅಳತೆ ಹಿಡಿದು ನೋಡಿದರೆ ಅವರ ದಿನಚರಿಯಲ್ಲಿ ಏನೂ ಕಡಿಮೆ ಆಗಲಿಲ್ಲ. ಹಾಗಾದರೆ ಅದು ದಾವೀದನು ಬೇಡ ಅಂದ ಥರದ, ಖರ್ಚಿಲ್ಲದ ಕಾಣಿಕೆಯಾ? ನಿಮ್ಮ ಮನಸ್ಸೇ ಇಲ್ಲ ಅಂತ ಹೇಳುತ್ತೆ. ಯಾಕೆ? ಆ ವಸ್ತು ಅವರಿಗೆ ಉಪಯೋಗ ಇರಲಿಲ್ಲ, ಆದರೆ ಅದರ ಮೇಲೆ ಗೌರವ ಇತ್ತು. ಅದು ಇನ್ನೂ ನುಡಿಯಬೇಕು ಅನ್ನೋ ಆಸೆ ಇತ್ತು. ಬೇಡದ್ದನ್ನು ಹೊರಗೆ ಹಾಕಲಿಲ್ಲ, ಬೇಕಾದ ಕಡೆಗೆ ಕಳಿಸಿದರು.

ಪ್ರಿಯರೇ, ಹಳೇದು ಅನ್ನೋದು ಸಮಸ್ಯೆ ಅಲ್ಲ. ವಯಲಿನ್ ವಿಷಯದಲ್ಲಂತೂ ಹಳೇದಾದರೆ ಬೆಲೆ ಜಾಸ್ತಿ ಆಗೋದೂ ಉಂಟು. ಪ್ರಶ್ನೆ ಬೇರೆ. ಅದು ಯಾರ ಕೈಗೆ ಹೋಗುತ್ತೋ ಆ ವ್ಯಕ್ತಿಯನ್ನು ನಾನು ನೋಡಿದೀನಾ?

ನಮ್ಮಲ್ಲಿ ಒಂದು ಗಾದೆ ಇದೆ, ನಿಮ್ಮ ಅಜ್ಜಿ ಹೇಳಿರ್ತಾರೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಪುಕ್ಕಟೆ ಬಟ್ಟೆ ಕೊಟ್ಟರೆ ಅದು ಎಷ್ಟು ಉದ್ದ ಇದೆ ಅಂತ ಅಳೆದರಂತೆ. ನಾವು ಈ ಗಾದೆಯನ್ನು ಯಾವಾಗಲೂ ತಗೊಂಡವರನ್ನು ಆಡಿಕೊಳ್ಳೋಕೆ ಬಳಸ್ತೀವಿ. ಕೊಟ್ಟದ್ದನ್ನು ಮುಚ್ಚಿಕೊಂಡು ತಗೋಬೇಕು, ಅಳೆಯೋಕೆ ನೀನ್ಯಾರು ಅಂತ. ಆದರೆ ಒಬ್ಬ ಸಂಗೀತದ ಮೇಷ್ಟ್ರ ಜಾಗದಲ್ಲಿ ನಿಂತು ಈ ಗಾದೆ ಕೇಳಿ ನೋಡಿ. ಅವರು ಮೊಳ ಹಾಕಲೇಬೇಕು! ವಯಲಿನ್‌ಗೆ ಸೈಜ್ ಇದೆ. ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಮಗುವಿನ ತೋಳಿನ ಉದ್ದ ನೋಡಿ ವಾದ್ಯ ಕೊಡಬೇಕು. ಏಳು ವರ್ಷದ ಮಗುವಿಗೆ ಪೂರ್ತಿ ಸೈಜಿನ ವಯಲಿನ್ ಕೊಟ್ಟರೆ ಅದರ ಕೈ ಚಾಚಿ ಚಾಚಿ ನೋವಾಗುತ್ತೆ, ಬೆರಳು ಜಾಗಕ್ಕೆ ಬೀಳಲ್ಲ. ಗಿಟಾರ್‌ದೂ ಅದೇ ಕಥೆ. ತಂತಿ ಮೇಲಕ್ಕೆ ಎದ್ದಿದ್ದರೆ ದೊಡ್ಡವರಿಗೇ ಬೆರಳು ಉರಿಯುತ್ತೆ, ಮಕ್ಕಳ ಗತಿ ಏನು?

ಇನ್ನು ಈ ಮಾತನ್ನು ಗಮನ ಕೊಟ್ಟು ಕೇಳಿ, ಇವತ್ತಿನ ಮಾತುಗಳಲ್ಲಿ ನನಗೆ ಇದೇ ಮುಖ್ಯ. ಕೆಟ್ಟ ವಾದ್ಯ ಮಗುವಿಗೆ ಸುಳ್ಳು ಹೇಳುತ್ತೆ. ನಿಮಗೆ ಹತ್ತು ವರ್ಷದ ಅನುಭವ ಇದೆ, ಗಿಟಾರ್ ಶ್ರುತಿ ನಿಲ್ಲದಿದ್ದರೆ ಗಿಟಾರ್ ಸರಿ ಇಲ್ಲ ಅಂತ ನಿಮಗೆ ಗೊತ್ತಾಗುತ್ತೆ. ಮೊದಲ ಸಲ ವಾದ್ಯ ಮುಟ್ಟಿದ ಮಗುವಿಗೆ ಅದು ಗೊತ್ತಾಗಲ್ಲ. ಮೂರು ಕೀ ಸತ್ತುಹೋಗಿರೋ ಕೀಬೋರ್ಡ್ ಒತ್ತಿ, ಸ್ವರ ಬರದಿದ್ದಾಗ, ಅದು ತನ್ನ ಬೆರಳನ್ನೇ ಅನುಮಾನಿಸುತ್ತೆ. ಶ್ರುತಿ ಜಾರೋ ವಯಲಿನ್ ಹಿಡಿದ ಹುಡುಗಿ ‘ನನಗೆ ಸಂಗೀತ ಬರಲ್ಲ’ ಅಂತ ತೀರ್ಮಾನ ಮಾಡಿಕೊಳ್ತಾಳೆ. ಪಕ್ಕದ ಹುಡುಗಿ ಚೆನ್ನಾಗಿರೋ ವಾದ್ಯದಲ್ಲಿ ಚೆನ್ನಾಗಿ ನುಡಿಸ್ತಿದ್ದರೆ ಆ ತೀರ್ಮಾನ ಇನ್ನೂ ಗಟ್ಟಿಯಾಗುತ್ತೆ. ಎರಡು ತಿಂಗಳಾದ ಮೇಲೆ ಅವಳು ಕ್ಲಾಸಿಗೆ ಬರೋದು ನಿಲ್ಲಿಸ್ತಾಳೆ. ಯಾರೂ ಅವಳಿಗೆ ನಿಜ ಹೇಳಿರಲ್ಲ.

ಕೆಲವರು ಕೇಳ್ತೀರಿ, ‘ಪಾಸ್ಟರ್, ಏನೂ ಇಲ್ಲದ್ದಕ್ಕಿಂತ ಏನೋ ಒಂದು ಇರೋದು ಮೇಲಲ್ವಾ?’ ಊಟದ ವಿಷಯದಲ್ಲಿ ಆ ಮಾತು ಎಷ್ಟೋ ಸಲ ನಿಜ. ಅರ್ಧ ರೊಟ್ಟಿ ಆದರೂ ಹಸಿವು ಸ್ವಲ್ಪ ಕಡಿಮೆ ಆಗುತ್ತೆ. ಆದರೆ ಅರ್ಧ ಕೆಟ್ಟ ವಾದ್ಯದಿಂದ ಅರ್ಧ ಸಂಗೀತ ಬರಲ್ಲ. ಆ ಹುಡುಗಿಯ ಹತ್ತಿರ ವಾದ್ಯ ಇಲ್ಲದೆ ಇದ್ದಿದ್ದರೆ ‘ಒಂದು ದಿನ ಕಲಿಬೇಕು’ ಅನ್ನೋ ಆಸೆಯಾದರೂ ಉಳೀತಿತ್ತು. ನಮ್ಮ ಉಡುಗೊರೆ ಅದನ್ನೂ ತಗೊಂಡು ಹೋಯಿತು.

ಹಾಗಾದರೆ ಖರ್ಚು ಎಲ್ಲಿದೆ? ದಾವೀದನು ಕೇಳಿದ ಬೆಲೆ ನಮ್ಮ ವಿಷಯದಲ್ಲಿ ಎಲ್ಲಿ ಕಟ್ಟಬೇಕು? ಹಳೇ ಗಿಟಾರ್ ಕೊಡೋದರಲ್ಲಿ ಖರ್ಚಿಲ್ಲ. ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ರಿಪೇರಿಯವರ ಹತ್ತಿರ ತಗೊಂಡು ಹೋಗಿ, ಹೊಸ ತಂತಿ ಹಾಕಿಸಿ, ಶ್ರುತಿ ನಿಲ್ಲುತ್ತಾ ಅಂತ ಅರ್ಧ ಗಂಟೆ ಕೂತು ನೋಡೋದರಲ್ಲಿ ಖರ್ಚಿದೆ. ದುಡ್ಡಿಗಿಂತ ಶನಿವಾರದ ಒಂದು ಮಧ್ಯಾಹ್ನ ಹೋಗುತ್ತೆ. ನಮ್ಮ ಕಾಲದಲ್ಲಿ ಅದೇ ದುಬಾರಿ, ಅಲ್ವಾ?

ವಾದ್ಯದ ಜೊತೆ ಹೋಗಬೇಕಾದ ಸಣ್ಣ ಸಣ್ಣ ಸಾಮಾನುಗಳನ್ನೂ ಯಾರೂ ನೆನಪಿಡಲ್ಲ. ವಯಲಿನ್ ಕೊಡ್ತೀವಿ, ಕಮಾನಿಗೆ ಹಚ್ಚೋ ರಾಳ ಕೊಡಲ್ಲ. ರಾಳ ಇಲ್ಲದೆ ಕಮಾನು ತಂತಿ ಮೇಲೆ ಜಾರುತ್ತೆ ಅಷ್ಟೇ, ನಾದ ಹುಟ್ಟಲ್ಲ. ಕ್ಲಾರಿನೆಟ್ ಕೊಡ್ತೀವಿ, ರೀಡ್ ಕೊಡಲ್ಲ. ಆ ಚಿಕ್ಕ ಪಟ್ಟಿ ಸವೆದುಹೋಗೋ ವಸ್ತು, ಮತ್ತೆ ಮತ್ತೆ ಬದಲಾಯಿಸಬೇಕು. ಅದಿಲ್ಲದಿದ್ದರೆ ದುಬಾರಿ ಕ್ಲಾರಿನೆಟ್ ಒಂದು ಕಪ್ಪು ಕೊಳವೆ ಮಾತ್ರ. ಟ್ರಂಪೆಟ್‌ಗೆ ವಾಲ್ವ್ ಎಣ್ಣೆ, ಕೀಬೋರ್ಡ್‌ಗೆ ಅಡಾಪ್ಟರ್, ಎಲ್ಲದಕ್ಕೂ ಒಂದು ಸ್ಟ್ಯಾಂಡ್. ಇವನ್ನೆಲ್ಲಾ ಕೊಡೋಕೆ ಯಾರೂ ಮುಂದೆ ಬರಲ್ಲ, ಯಾಕೆಂದರೆ ರಾಳದ ಡಬ್ಬಿ ಕೊಟ್ಟು ಫೋಟೋ ತೆಗೆಸಿಕೊಳ್ಳೋಕೆ ಆಗಲ್ಲ. ಆದರೆ ಶಾಲೆಯ ಸಂಗೀತದ ಕೋಣೆ ವರ್ಷಪೂರ್ತಿ ನಡೆಯೋದು ಇವುಗಳ ಮೇಲೆ. ಕಡಿಮೆ ಹಣ ಇರೋ ಯೌವನಸ್ಥರು ಇಲ್ಲಿದ್ದೀರಿ. ನೀವು ಕೊಡಬಹುದಾದ ದೊಡ್ಡ ಕಾಣಿಕೆ ಇದೇ ಇರಬಹುದು. ಒಂದು ಶಾಲೆಗೆ ವರ್ಷಕ್ಕೆ ಬೇಕಾದ ತಂತಿ ನಾನು ಕೊಡ್ತೀನಿ ಅಂತ ಹೇಳಿ, ಆ ಮಾತು ಉಳಿಸಿಕೊಳ್ಳಿ.

ವಯಲಿನ್ ಒಳಗೆ ಒಂದು ಚಿಕ್ಕ ಮರದ ಕಡ್ಡಿ ನಿಂತಿರುತ್ತೆ. ಮೇಲಿನ ಹಲಗೆಯ ಕಂಪನವನ್ನು ಕೆಳಗಿನ ಹಲಗೆಗೆ ದಾಟಿಸೋದು ಅದೇ. ಫ್ರೆಂಚರು ಆ ಕಡ್ಡಿಯನ್ನು ‘ಆತ್ಮ’ ಅಂತಲೇ ಕರೀತಾರೆ. ಅದನ್ನು ಅಂಟು ಹಾಕಿ ನಿಲ್ಲಿಸಿರಲ್ಲ. ತಂತಿಗಳ ಬಿಗಿತದಿಂದ ಮಾತ್ರ ಅದು ನಿಂತಿರುತ್ತೆ. ಎಲ್ಲಾ ತಂತಿಗಳನ್ನೂ ಒಟ್ಟಿಗೆ ಬಿಚ್ಚಿದರೆ ಅದು ಒಳಗೇ ಬಿದ್ದುಹೋಗಬಹುದು. ಹೊರಗಿಂದ ನೋಡಿದರೆ ವಯಲಿನ್ ಸುಂದರವಾಗೇ ಇರುತ್ತೆ, ನುಡಿಸಿದರೆ ದನಿ ಇರಲ್ಲ. ವರ್ಷಗಟ್ಟಲೆ ಬಿಚ್ಚಿಟ್ಟ ವಯಲಿನ್ ಕೊಡೋ ಮುಂಚೆ ಗೊತ್ತಿರೋರ ಕೈಲಿ ತೋರಿಸಿ ಅಂತ ಹೇಳೋದು ಇದಕ್ಕೇ.

ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ವಾದ್ಯ ಚೆನ್ನಾಗಿದೆ, ತಂತಿ ಇದೆ, ರಾಳ ಇದೆ. ಅಷ್ಟಾದರೆ ಸಾಕಾ?

ಮತ್ತೆ ನ್ಯೂಯಾರ್ಕ್‌ಗೇ ಬರೋಣ. ರಾಬರ್ಟಾ ಗ್ವಾಸ್ಪಾರಿ ಅನ್ನೋ ಟೀಚರ್. 1980ರ ಸುಮಾರಿಗೆ ಈಸ್ಟ್ ಹಾರ್ಲೆಮ್ ಅನ್ನೋ ಬಡ ಬಡಾವಣೆಯ ಶಾಲೆಯಲ್ಲಿ ವಯಲಿನ್ ಪಾಠ ಶುರು ಮಾಡಿದರು. ತಾವೇ ಮುಂಚೆ ಕೊಂಡಿಟ್ಟಿದ್ದ 50 ವಯಲಿನ್‌ಗಳು ಅವರ ಬಂಡವಾಳ. ಕಲಿಯೋಕೆ ಬರೋ ಮಕ್ಕಳು ಎಷ್ಟು ಹೆಚ್ಚಾದರು ಅಂದರೆ ಚೀಟಿ ಎತ್ತಿ ಆರಿಸಬೇಕಾಯಿತು. 1991ರಲ್ಲಿ ಬಜೆಟ್ ಕಡಿತ ಬಂತು, ಅವರ ಕೆಲಸ ಹೋಯಿತು. ಯೋಚನೆ ಮಾಡಿ. ವಯಲಿನ್‌ಗಳು ಎಲ್ಲೂ ಹೋಗಿರಲಿಲ್ಲ. ಮಕ್ಕಳೂ ಇದ್ದರು. ಕಲಿಸೋರ ಸಂಬಳ ನಿಂತಿತು, ಅಷ್ಟಕ್ಕೇ ಎಲ್ಲಾ ನಿಲ್ಲೋ ಸ್ಥಿತಿ ಬಂತು.

ಆಗ ಮಕ್ಕಳ ತಂದೆತಾಯಂದಿರು, ಗೆಳೆಯರು ಸೇರಿ ಹಣ ಕೂಡಿಸೋಕೆ ಶುರು ಮಾಡಿದರು. 1993ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಒಂದು ಕಛೇರಿ ಆಯಿತು. ಐಸಾಕ್ ಸ್ಟರ್ನ್, ಇಟ್ಝಾಕ್ ಪರ್ಲ್‌ಮನ್‌ರಂಥ ಜಗತ್ಪ್ರಸಿದ್ಧ ವಯಲಿನ್ ವಾದಕರು ಆ ಶಾಲೆಯ ಮಕ್ಕಳ ಜೊತೆ ಸೇರಿ ನುಡಿಸಿದರು. ಪಾಠ ಉಳೀತು. ‘ಮ್ಯೂಸಿಕ್ ಆಫ್ ದ ಹಾರ್ಟ್’ ಅಂತ 1999ರಲ್ಲಿ ಸಿನಿಮಾ ಬಂದದ್ದು ಇವರ ಬಗ್ಗೆಯೇ. ಆ ದೊಡ್ಡ ವಾದಕರು ತಮ್ಮ ಹಳೇ ವಯಲಿನ್ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಅವರು ತಾವೇ ಬಂದರು.

ವಿಮೋಚನಕಾಂಡ 35, 36ನೆಯ ಅಧ್ಯಾಯಗಳನ್ನು ಮನೆಗೆ ಹೋಗಿ ಓದಿ. ದೇವದರ್ಶನದ ಗುಡಾರಕ್ಕೆ ಜನರು ಕಾಣಿಕೆ ತರ್ತಾರೆ. ಬಂಗಾರ, ಬೆಳ್ಳಿ, ನೂಲು, ಚರ್ಮ, ಮರ. ಆದರೆ ಅಲ್ಲಿ ವಸ್ತುಗಳ ಪಟ್ಟಿ ಮಾತ್ರ ಇಲ್ಲ. ಅದನ್ನು ಕೆಲಸಕ್ಕೆ ತರೋ ಬೆಚಲೇಲ ಇದ್ದಾನೆ, ಅವನ ಜೊತೆಗಾರ ಇದ್ದಾನೆ. ದೇವರು ಅವರಿಗೆ ಕೈಕೆಲಸ ಮಾತ್ರ ಕೊಡಲಿಲ್ಲ, ಇನ್ನೊಬ್ಬರಿಗೆ ಕಲಿಸೋ ಮನಸ್ಸನ್ನೂ ಕೊಟ್ಟ ಅಂತ ಅಲ್ಲಿ ಬರೆದಿದೆ. ಆಮೇಲೆ ಏನಾಗುತ್ತೆ? ಕೆಲಸ ಮಾಡೋರೇ ಮೋಶೆಯ ಹತ್ತಿರ ಬಂದು, ಜನರು ಬೇಕಾದದ್ದಕ್ಕಿಂತ ಹೆಚ್ಚು ತರ್ತಿದ್ದಾರೆ ಅಂತಾರೆ. ಮೋಶೆ ಪಾಳೆಯದಲ್ಲೆಲ್ಲಾ ಸಾರಿಸಿ ಕಾಣಿಕೆ ನಿಲ್ಲಿಸ್ತಾನೆ. ಕಾಣಿಕೆ ಸಾಕು ಅಂತ ಹೇಳಿದ ನಾಯಕ! ಎಷ್ಟು ಬೇಕು, ಏನು ಬೇಕು ಅಂತ ಅಲ್ಲಿ ತೀರ್ಮಾನ ಮಾಡಿದ್ದು ಕೊಡೋರಲ್ಲ, ಕೆಲಸ ಗೊತ್ತಿದ್ದೋರು.

ಅದಕ್ಕೇ ಹೇಳ್ತೀನಿ, ಶಾಲೆಗೆ ಏನಾದರೂ ಕೊಡೋ ಮುಂಚೆ ಅಲ್ಲಿ ಕಲಿಸೋರನ್ನು ಕೇಳಿ. ‘ಸರ್, ನನ್ನ ಹತ್ತಿರ ಡ್ರಮ್ಸ್ ಇದೆ’ ಅನ್ನೋದು ಕೇಳಿದ ಹಾಗಲ್ಲ. ‘ಮೇಡಂ, ನಿಮಗೆ ಏನು ಬೇಕು?’ ಅನ್ನೋದು ಕೇಳಿದ ಹಾಗೆ. ಅವರು ‘ಡ್ರಮ್ಸ್ ಬೇಡ, ಇಡೋಕೆ ಜಾಗ ಇಲ್ಲ, ಬೀಗ ಹಾಕೋ ಒಂದು ಬೀರು ಕೊಡಿಸ್ತೀರಾ?’ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ‘ಬೇಡ’ ಅಂತ ಹೇಳೋ ಸ್ವಾತಂತ್ರ್ಯ ತಗೊಳ್ಳೋರಿಗೆ ಇದ್ದರೆ ಮಾತ್ರ ಅದು ಉಡುಗೊರೆ. ಇಲ್ಲದಿದ್ದರೆ ಅದು ಹೇರಿಕೆ.

ಹೆಸರಿನ ವಿಷಯವೂ ಹೇಳಿಬಿಡ್ತೀನಿ. ನಮ್ಮ ಊರುಗಳಲ್ಲಿ ಟ್ಯೂಬ್‌ಲೈಟ್ ದಾನ ಕೊಟ್ಟು, ಅದರ ಮೇಲೇ ‘ದಾನಿಗಳು’ ಅಂತ ಇಡೀ ಕುಟುಂಬದ ಹೆಸರು ಬರೆಸೋದು ನೋಡಿದ್ದೀರಿ. ಬೆಳಕು ಕೊಟ್ಟು ಬೆಳಕಿಗೇ ಅಡ್ಡ ನಿಲ್ಲೋದು! ನಗ್ತೀರಿ, ಸರಿ. ಆದರೆ ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ನಾವು ಮಾಡೋದೂ ಅದೇ. ಗಿಟಾರ್ ಹಿಡಿದ ಮಗು, ಪಕ್ಕದಲ್ಲಿ ನಾವು, ಕೆಳಗೆ ಒಂದು ವಚನ. ಆ ಮಗು ಮುಂದೆ ದೊಡ್ಡ ಕಲಾವಿದ ಆದರೂ, ನಮ್ಮ ಫೋನಿನಲ್ಲಿ ಅದು ಯಾವಾಗಲೂ ಪುಕ್ಕಟೆ ಗಿಟಾರ್ ತಗೊಂಡ ಮಗುವೇ. ಅದು ನಮ್ಮನ್ನು ನೋಡಿ ಕೃತಜ್ಞತೆಯಿಂದ ನಗಲೇಬೇಕು ಅಂತ ನಾವು ಕಾಯ್ತಿದ್ದರೆ, ಕೊಟ್ಟದ್ದಕ್ಕೆ ಬೆಲೆ ವಸೂಲಿ ಮಾಡ್ತಿದ್ದೀವಿ ಅಂತಲೇ ಅರ್ಥ.

ಇನ್ನೊಂದು ಕಷ್ಟದ ಪ್ರಶ್ನೆ ಉಳಿದಿದೆ, ಅದನ್ನು ಬಿಟ್ಟು ಹೋಗೋಕೆ ನನಗೆ ಇಷ್ಟ ಇಲ್ಲ. ಶಾಲೆಗೆ ವಾದ್ಯ ಕೊಡೋದು, ಮೇಷ್ಟ್ರಿಗೆ ಸಂಬಳ ಕೊಡೋದು ಆಡಳಿತದ ಕೆಲಸ ಅಲ್ವಾ? ನಾವು ಕೊಡ್ತಾ ಹೋದರೆ ಅವರು ತಮ್ಮ ಜವಾಬ್ದಾರಿ ಮರೆತುಬಿಡಲ್ವಾ? ಈ ಮಾತಲ್ಲಿ ಸತ್ಯ ಇದೆ. ದಾನದ ಮೇಲೆ ನಿಂತ ಸಂಗೀತದ ಕೋಣೆ ದಾನಿಗಳ ಮನಸ್ಸು ಬದಲಾದ ದಿನ ಮುಚ್ಚಿಹೋಗಬಹುದು. ಎಲ್ಲಿ ದಾನಿಗಳ ಪರಿಚಯ ಇದೆಯೋ ಆ ಶಾಲೆಗೆ ಸಿಗುತ್ತೆ, ಪರಿಚಯ ಇಲ್ಲದ ಶಾಲೆಗೆ ಸಿಗಲ್ಲ. ಅದು ನ್ಯಾಯ ಅಲ್ಲ. ಹಾಗಂತ ನ್ಯಾಯ ಬರೋವರೆಗೂ ಗಿಟಾರ್ ಕಪಾಟಿನ ಮೇಲೇ ಇರಲಿ ಅನ್ನೋಕಾಗುತ್ತಾ? ಈ ವರ್ಷ ಆರನೇ ಕ್ಲಾಸಿನಲ್ಲಿರೋ ಮಗು ಮುಂದಿನ ಬಜೆಟ್‌ವರೆಗೂ ಆರನೇ ಕ್ಲಾಸಿನಲ್ಲೇ ಇರಲ್ಲ. ಆದ್ದರಿಂದ ಎರಡೂ ಮಾಡಬೇಕು. ಒಂದು ಕೈಯಲ್ಲಿ ಕೊಡಬೇಕು, ಇನ್ನೊಂದು ಕೈಯಲ್ಲಿ ಅರ್ಜಿ ಬರೀಬೇಕು. ಎಸ್‌ಡಿಎಂಸಿ ಸಭೆಗೆ ಹೋಗಿ, ಸಂಗೀತದ ಟೀಚರ್ ಯಾಕಿಲ್ಲ ಅಂತ ಕೇಳೋದೂ ಪ್ರೀತಿಯ ಕೆಲಸವೇ. ನಾವು ಕೊಟ್ಟದ್ದು ಬೇರೆಯವರಿಗೆ ನೆಪ ಆಗಬಾರದು, ನಮಗೂ ಆಗಬಾರದು.

ಹಾಗಾದರೆ ಮನೆಗೆ ಹೋಗಿ ಏನು ಮಾಡ್ತೀರಿ? ಆ ಕವರ್ ಕೆಳಗಿಳಿಸಿ. ಜಿಪ್ ತೆಗೆಯಿರಿ. ಹಳೇ ತಂತಿ ಬಿಚ್ಚಿ ಹೊಸದು ಹಾಕಿ. ವಯಲಿನ್ ಆದರೆ ಒಂದೊಂದೇ ತಂತಿ ಬದಲಾಯಿಸಿ, ಯಾಕೆ ಅಂತ ಈಗ ನಿಮಗೆ ಗೊತ್ತು. ಕೂತು ಒಂದು ಹಾಡು ನುಡಿಸಿ ನೋಡಿ. ಅದು ನಿಮ್ಮ ತಂಗಿಗೆ ಕಲಿಯೋಕೆ ಕೊಡೋ ಹಾಗಿದ್ದರೆ ಶಾಲೆಗೂ ಕೊಡಬಹುದು. ತಂಗಿಗೆ ಕೊಡೋಕೆ ಮನಸ್ಸು ಬರದಿದ್ದರೆ ರಿಪೇರಿ ಮಾಡಿಸಿ, ಆಗದಿದ್ದರೆ ಗುಜರಿಗೆ ಹಾಕಿ. ಗುಜರಿಗೆ ಹಾಕೋದರಲ್ಲಿ ಅವಮಾನ ಇಲ್ಲ, ಗುಜರಿಯನ್ನು ಮಗುವಿನ ಕೈಗೆ ಕೊಟ್ಟು ಆಶೀರ್ವಾದ ಅಂತ ಕರೆಯೋದರಲ್ಲಿ ಇದೆ. ಆಮೇಲೆ ಟೀಚರ್‌ಗೆ ಫೋನ್ ಮಾಡಿ. ಕೊಟ್ಟ ಮೇಲೆ ಆರು ತಿಂಗಳಿಗೆ ಇನ್ನೊಂದು ಸಲ ಫೋನ್ ಮಾಡಿ, ತಂತಿ ಹರಿದಿದೆಯಾ ಅಂತ ಕೇಳಿ.

ವರ್ಶಿಪ್ ಟೀಮ್‌ನವರಿಗೆ ಒಂದು ಮಾತು. ನಿಮಗೆ ಗೊತ್ತಿರೋ ನಾಲ್ಕು ಕಾರ್ಡ್ಸ್ ಕೂಡ ಯಾರಿಗೋ ಕೊಡಬಹುದಾದ ವಸ್ತುವೇ. ವಾರಕ್ಕೆ ಒಂದು ಗಂಟೆ ಒಂದು ಶಾಲೆಗೆ ಹೋಗೋಕೆ ಆಗುತ್ತಾ? ಮೊದಲು ಅಲ್ಲಿನ ಹೆಡ್‌ಮೇಷ್ಟ್ರನ್ನು ಕೇಳಿ, ಪರ್ಮಿಷನ್ ತಗೊಂಡು, ಸಂಗೀತ ಕಲಿಸೋಕೆ ಹೋಗಿ, ಸಂಗೀತವನ್ನೇ ಕಲಿಸಿ ಬನ್ನಿ. ಯಾರು ಬರ್ತೀರೋ ಕೂಟ ಮುಗಿದ ಮೇಲೆ ಹೆಸರು ಕೊಡಿ. ಒಂದು ವಾರ ಬಂದು ಮಾಯ ಆಗೋದಾದರೆ ಈಗಲೇ ಬೇಡ ಅನ್ನಿ, ಯಾರೂ ಏನೂ ಅಂದುಕೊಳ್ಳಲ್ಲ. ಕಾಯ್ತಾ ಕೂತಿರೋ ಮಗುವಿಗೆ ಸುಳ್ಳು ಹೇಳೋದು ಬೇಡ.

ಕರ್ತನು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.